ಕನ್ನಡದ ಒಂದೇ ‘ಬೇಕು’, ಜಪಾನೀಸ್‌ನಲ್ಲಿ ಐದು: ಆಸೆ, ಸಾಮರ್ಥ್ಯ, ಕಡ್ಡಾಯ ಹೇಳುವುದು ಹೇಗೆ?

ಈ ಮೂರು ವಾಕ್ಯ ಒಮ್ಮೆ ಜೋರಾಗಿ ಓದಿ. ನನಗೆ ನೀರು ಬೇಕು. ನನಗೆ ಜಪಾನಿಗೆ ಹೋಗಬೇಕು. ನಾನು ನಾಳೆ ಆರು ಗಂಟೆಗೆ ಏಳಬೇಕು. ಮೂರರಲ್ಲೂ ‘ಬೇಕು’ ಇದೆ, ನಮಗೆ ಎಲ್ಲೂ ಗೊಂದಲ ಆಗುವುದಿಲ್ಲ. ಜಪಾನೀಸ್‌ನಲ್ಲಿ ಮಾತ್ರ ಈ ಮೂರಕ್ಕೂ ಬೇರೆ ಬೇರೆ ರೂಪ. ಶುರುವಿನಲ್ಲಿ ಕನ್ನಡಿಗರು ಹೆಚ್ಚು ಎಡವುವುದು ಇಲ್ಲೇ.

ನಾವು ಜಪಾನೀಸ್ ಕಲಿಯುವುದು ಸಾಮಾನ್ಯವಾಗಿ ಇಂಗ್ಲಿಷ್ ಮೂಲಕ. ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಜಪಾನೀಸ್‌ಗೆ ಹೋಗುತ್ತೇವೆ. ಈ ಪಾಠದಲ್ಲಂತೂ ಆ ನಡುವಿನ ನಿಲ್ದಾಣ ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದರೆ ಜಪಾನೀಸ್‌ನ ಈ ರೂಪಗಳು ಕನ್ನಡಕ್ಕೆ ತುಂಬಾ ಹತ್ತಿರ. ಕ್ರಿಯಾಪದ ಕೊನೆಗೆ ಬರುತ್ತದೆ, ಅದಕ್ಕೆ ಬಾಲ ಸೇರುತ್ತಾ ಹೋಗುತ್ತದೆ, ‘ಆಗಲ್ಲ’, ‘ನಡೆಯಲ್ಲ’ ಅನ್ನುವ ನಮ್ಮ ಮಾತುಗಳು ಕೂಡ ಅಲ್ಲಿ ಹಾಗೇ ಇವೆ.

ಓದುವ ಮುಂಚೆ ಒಂದು ಮಾತು. ಇಲ್ಲಿ ಜಪಾನೀಸ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಹ್ರಸ್ವ ಇದ್ದಲ್ಲಿ ಹ್ರಸ್ವ, ದೀರ್ಘ ಇದ್ದಲ್ಲಿ ದೀರ್ಘ, ಒತ್ತಕ್ಷರ ಇದ್ದಲ್ಲಿ ಒತ್ತಿ ಓದಿ. ‘ದೆಸ್’, ‘ಮಸ್’ ಅಂತ ಬರೆದಿರುವುದು ಬರವಣಿಗೆಯಲ್ಲಿ ‘ದೆಸು’, ‘ಮಸು’. ಮಾತಿನಲ್ಲಿ ಕೊನೆಯ ಉಕಾರ ಸಾಮಾನ್ಯವಾಗಿ ಕೇಳಿಸುವುದೇ ಇಲ್ಲ.

ಮೊದಲು ಕಾಗುಣಿತ

ಈ ಹೆಜ್ಜೆ ಹಾರಿಸಬೇಡಿ. ಜಪಾನೀಸ್ ಅಕ್ಷರಮಾಲೆಯ ಸ್ವರಗಳ ಕ್ರಮ ಅ, ಇ, ಉ, ಎ, ಒ. ವ್ಯಂಜನಗಳ ಕ್ರಮ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬೌದ್ಧ ಗ್ರಂಥಗಳಿಗಾಗಿ ಸಂಸ್ಕೃತದ ಸಿದ್ಧಂ ಲಿಪಿ ಕಲಿತ ಜಪಾನಿನ ಭಿಕ್ಷುಗಳ ಓದಿನ ಪ್ರಭಾವ ಈ ಕ್ರಮದ ಮೇಲಿದೆ. ಅಂದರೆ ನಮ್ಮ ವರ್ಣಮಾಲೆಗೂ ಅದಕ್ಕೂ ದೂರದ ನೆಂಟಸ್ತಿಕೆ ಇದೆ.

ಈಗ ‘ನೊಮು’ ಅನ್ನುವ ಕ್ರಿಯಾಪದ ತಗೊಳ್ಳಿ. ಅರ್ಥ ಕುಡಿ. ಅದರ ಕೊನೆಯ ‘ಮು’ವನ್ನು ಹ್ರಸ್ವ ಕಾಗುಣಿತದಲ್ಲಿ ಓಡಿಸಿ: ಮ, ಮಿ, ಮು, ಮೆ, ಮೊ.

ನೊಮ-ನೈ: ಕುಡಿಯಲ್ಲ
ನೊಮಿ-ಮಸ್: ಕುಡಿಯುತ್ತೇನೆ, ಮರ್ಯಾದೆಯ ರೂಪ
ನೊಮು: ಕುಡಿ, ನಿಘಂಟಿನ ರೂಪ
ನೊಮೆ-ರು: ಕುಡಿಯೋಕೆ ಆಗುತ್ತೆ
ನೊಮೋ: ಕುಡಿಯೋಣ

ಇವತ್ತಿನ ಮೂರೂ ವಿಷಯ ಇದರೊಳಗೇ ಇವೆ. ಆಸೆಗೆ ‘ಮಿ’, ಸಾಮರ್ಥ್ಯಕ್ಕೆ ‘ಮೆ’, ಕಡ್ಡಾಯಕ್ಕೆ ‘ಮ’. ಹೀಗೆ ಬದಲಾಗುವ ಕ್ರಿಯಾಪದಗಳು ಒಂದು ಗುಂಪು. ‘ತಬೆರು’ (ತಿನ್ನು), ‘ಮಿರು’ (ನೋಡು) ಥರದವು ಎರಡನೇ ಗುಂಪು. ಅವುಗಳಲ್ಲಿ ‘ರು’ ತೆಗೆದು ಬಾಲ ಹಚ್ಚಿದರೆ ಸಾಕು: ತಬೆನೈ, ತಬೆಮಸ್. ಆದರೆ ‘ರು’ ಇದ್ದದ್ದೆಲ್ಲಾ ಎರಡನೇ ಗುಂಪಲ್ಲ. ‘ಕಎರು’ (ಮನೆಗೆ ಮರಳು), ‘ಹೈರು’ (ಒಳಗೆ ಹೋಗು) ಮೊದಲ ಗುಂಪಿನವು. ‘ಸುರು’ (ಮಾಡು), ‘ಕುರು’ (ಬರು) ಇವೆರಡೇ ಹಟಮಾರಿಗಳು, ಬಾಯಿಪಾಠ ಮಾಡಬೇಕು.

ಆಸೆ: ವಸ್ತು ಬೇಕಾ, ಕೆಲಸ ಮಾಡಬೇಕಾ?

ವಸ್ತು ಬೇಕಿದ್ದರೆ ‘ಹೊಶೀ’.

ವತಶಿ ವ ಮಿಜ಼ು ಗ ಹೊಶೀ ದೆಸ್. ನನಗೆ ನೀರು ಬೇಕು.

ಇಲ್ಲಿ ‘ಗ’ ಗಮನಿಸಿ. ಕರ್ಮಕ್ಕೆ ಸಾಮಾನ್ಯವಾಗಿ ಬರುವ ಪ್ರತ್ಯಯ ‘ಒ’, ನಮ್ಮ ‘ಅನ್ನು’ ಇದ್ದ ಹಾಗೆ. ಹೊಶೀ ಜೊತೆಗೆ ಅದು ಬರುವುದಿಲ್ಲ. ಇಂಗ್ಲಿಷ್ ಮೂಲಕ ಕಲಿತವರು ಇಲ್ಲಿ ತಪ್ಪು ಮಾಡುತ್ತಾರೆ. ನಾವು ಮಾಡಬೇಕಿಲ್ಲ, ಯಾಕೆಂದರೆ ನಾವೂ ‘ನೀರನ್ನು ಬೇಕು’ ಅನ್ನುವುದಿಲ್ಲ, ‘ನೀರು ಬೇಕು’ ಅನ್ನುತ್ತೇವೆ. ಆದರೆ ಕನ್ನಡದ ‘ನನಗೆ’ ನಮ್ಮನ್ನು ಬೇರೆ ಕಡೆ ದಾರಿ ತಪ್ಪಿಸುತ್ತದೆ. ಜಪಾನೀಸ್‌ನಲ್ಲಿ ‘ಗೆ’ ಪ್ರತ್ಯಯಕ್ಕೆ ‘ನಿ’ ಇದೆ ಅಂತ ಕಲಿತಿದ್ದೇವೆ ಅಂತ ‘ವತಶಿ ನಿ’ ಅನ್ನಬಾರದು. ‘ವತಶಿ ವ’ ಅಷ್ಟೇ. ಮಾತು ನಿಮ್ಮದೇ ಅಂತ ಗೊತ್ತಿದ್ದರೆ ‘ವತಶಿ ವ’ ಕೂಡ ಬಿಟ್ಟುಬಿಡಿ.

ಕೆಲಸ ಮಾಡುವ ಆಸೆ ಇದ್ದರೆ ‘ಮಸ್’ ತೆಗೆದು ‘ತೈ’ ಹಾಕಿ. ನೊಮಿಮಸ್, ನೊಮಿತೈ. ತಬೆಮಸ್, ತಬೆತೈ. ಶಿಮಸ್ (ಸುರುವಿನ ಮರ್ಯಾದೆಯ ರೂಪ), ಶಿತೈ. ಇದು ನಿಜಕ್ಕೂ ಸುಲಭ. ತೈ ಸೇರಿದ ಮೇಲೆ ಆ ಪದ ಕ್ರಿಯಾಪದದ ಹಾಗೆ ಅಲ್ಲ, ಗುಣವಾಚಕದ ಹಾಗೆ ಬದಲಾಗುತ್ತದೆ:

ಇಕಿತೈ ದೆಸ್: ಹೋಗಬೇಕು ಅನ್ನಿಸ್ತಿದೆ
ಇಕಿತಕುನೈ ದೆಸ್: ಹೋಗೋ ಮನಸ್ಸಿಲ್ಲ
ಇಕಿತಕತ್ತ ದೆಸ್: ಹೋಗೋ ಆಸೆ ಇತ್ತು
ಇಕಿತಕುನಕತ್ತ ದೆಸ್: ಹೋಗೋ ಮನಸ್ಸಿರಲಿಲ್ಲ

ಭೂತಕಾಲಕ್ಕೆ ‘ಇಕಿತೈ ದೆಶಿತ’ ಅಂತ ಹೇಳುವುದು ತಪ್ಪು. ಬದಲಾಗಬೇಕಾದ್ದು ‘ತೈ’, ‘ದೆಸ್’ ಸುಮ್ನೆ ಮರ್ಯಾದೆಗೆ ಹಿಂದೆ ನಿಂತಿರುತ್ತದೆ.

ಈಗ ವ್ಯಾಕರಣಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಹೊಶೀ ಮತ್ತು ತೈ ಎರಡೂ ನಿಮ್ಮ ಮನಸ್ಸಿನೊಳಗಿನ ಮಾತು. ಬೇರೆಯವರ ಮನಸ್ಸಲ್ಲಿ ಏನಿದೆ ಅಂತ ನಮಗೆ ನೇರವಾಗಿ ಗೊತ್ತಿಲ್ಲ, ಹಾಗಾಗಿ ಅವರ ಆಸೆಯನ್ನು ‘ತೈ ದೆಸ್’ ಅಂತ ಖಚಿತವಾಗಿ ಹೇಳುವ ಹಾಗಿಲ್ಲ. ಇದನ್ನು ಪಾಠದಲ್ಲಿ ಒಂದು ನಿಯಮ ಅಂತ ಬರೆಸುತ್ತಾರೆ, ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ನಾವು ಕನ್ನಡದಲ್ಲಿ ಏನು ಮಾಡುತ್ತೇವೆ ನೋಡಿ. ‘ರವಿಗೆ ಜಪಾನಿಗೆ ಹೋಗಬೇಕಂತೆ.’ ಆ ‘ಅಂತೆ’ ಇದೆಯಲ್ಲ, ಅದೇ ಇಲ್ಲಿ ಬೇಕಾದ್ದು. ‘ರವಿ-ಸನ್ ವ ನಿಹೊನ್ ಎ ಇಕಿತೈ ಸೋ ದೆಸ್’ ಅಂದರೆ ಹೋಗಬೇಕಂತೆ. ‘ಇಕಿತೈ ತೊ ಇತ್ತೆ ಇಮಸ್’ ಅಂದರೆ ಹೋಗಬೇಕು ಅಂತ ಹೇಳುತ್ತಿದ್ದಾರೆ. ನಿಮ್ಮ ಬಾಯಲ್ಲಿ ಕನ್ನಡದ ‘ಅಂತೆ’ ಬರುವ ಕಡೆಯೆಲ್ಲಾ ಜಪಾನೀಸ್‌ನಲ್ಲೂ ಬಾಲ ಹಚ್ಚಿ. ಆಸೆ ಹೊರಗೆ ಎದ್ದು ಕಾಣುತ್ತಿದ್ದರೆ, ಅಂದರೆ ಮಗು ತಿಂಡಿ ಡಬ್ಬ ಹಿಡಿದು ಹಟ ಮಾಡುತ್ತಿದ್ದರೆ, ‘ತಗತ್ತೆ ಇಮಸ್’ ಇದೆ: ‘ಕೊದೊಮೊ ವ ಒಕಶಿ ಒ ತಬೆತಗತ್ತೆ ಇಮಸ್.’ ಇದನ್ನು ದೊಡ್ಡವರ ಬಗ್ಗೆ, ಅದರಲ್ಲೂ ಹಿರಿಯರ ಬಗ್ಗೆ ಬಳಸಬೇಡಿ.

ಹಿರಿಯರ ವಿಷಯ ಬಂತಲ್ಲ, ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಕಲಿಯೋಕೆ ಶುರು ಮಾಡಿದ ಹೊಸತರಲ್ಲಿ ಜಪಾನಿನಿಂದ ಬಂದಿದ್ದ ಹಿರಿಯ ಇಂಜಿನಿಯರ್ ಒಬ್ಬರಿಗೆ ‘ಕೋಹೀ ಒ ನೊಮಿತೈ ದೆಸ್ ಕ?’ ಅಂತ ಕೇಳಿದೆ. ನಿಮಗೆ ಕಾಫಿ ಬೇಕಾ ಅಂತ ಕೇಳುವುದು ನನ್ನ ಉದ್ದೇಶ. ಅವರು ನಕ್ಕು ಹೂಂ ಅಂದರು. ಆಮೇಲೆ ನಮ್ಮ ಟೀಚರ್ ತಿಳಿಸಿದರು: ಹಿರಿಯರ ಆಸೆಯನ್ನು ಹೀಗೆ ನೇರವಾಗಿ ಕೇಳುವುದು ಅವರ ಮನಸ್ಸಿನೊಳಗೆ ಕೈ ಹಾಕಿದ ಹಾಗೆ, ವ್ಯಾಕರಣ ಸರಿ ಇದ್ದರೂ ಮರ್ಯಾದೆ ಅಲ್ಲ. ‘ಕೋಹೀ ವ ಇಕಾಗ ದೆಸ್ ಕ?’ ಅನ್ನಬೇಕಿತ್ತು. ಸ್ವಲ್ಪ ಸಲಿಗೆ ಇದ್ದರೆ ‘ನೊಮಿಮಸೆನ್ ಕ?’ ಸಾಕು. ಅಂದರೆ ‘ಕುಡಿಯಲ್ವಾ?’ ನಮ್ಮ ಮನೆಗಳಲ್ಲೂ ಬಂದವರನ್ನು ‘ಕಾಫಿ ಕುಡಿಯೋಲ್ವಾ?’ ಅಂತಲೇ ಉಪಚರಿಸುತ್ತೇವೆ. ಆ ಒಂದು ವಾಕ್ಯವನ್ನು ಕನ್ನಡದಿಂದ ನೇರವಾಗಿ ತಂದಿದ್ದರೆ ತಪ್ಪೇ ಆಗುತ್ತಿರಲಿಲ್ಲ.

ಅಂಗಡಿಯಲ್ಲಿ, ಸ್ಟೇಷನ್ನಿನಲ್ಲಿ ನಿಮ್ಮ ಆಸೆ ಹೇಳುವಾಗಲೂ ಸ್ವಲ್ಪ ಮೆತ್ತಗೆ ಹೇಳಿ. ‘ಕ್ಯೋತೊ ನಿ ಇಕಿತೈ ನ್ ದೆಸ್ ಗ…’ ಅಂತ ಹೇಳಿ ಅಲ್ಲಿಗೇ ನಿಲ್ಲಿಸಿ. ಈ ‘ಗ’ ಮೊದಲು ನೋಡಿದ ಪ್ರತ್ಯಯ ಅಲ್ಲ, ‘ಆದರೆ’ ಅನ್ನುವ ಅರ್ಥದ್ದು. ಅದರ ಮುಂದೆ ಏನೂ ಇಲ್ಲ, ಉಳಿದದ್ದನ್ನು ಎದುರಿನವರು ಅರ್ಥ ಮಾಡಿಕೊಳ್ಳುತ್ತಾರೆ. ನಾವು ಅಂಗಡಿಯಲ್ಲಿ ‘ಒಂದು ಪೆನ್ ಬೇಕಿತ್ತು…’ ಅನ್ನುತ್ತೇವಲ್ಲ, ಹಾಗೆ. ವಸ್ತು ಕೊಳ್ಳುವಾಗ ಹೊಶೀ ಬೇಡ. ‘ಮಿಜ಼ು ಒ ಕುದಸೈ’, ನೀರು ಕೊಡಿ, ಅಷ್ಟೇ ಸಾಕು.

ಇನ್ನೊಬ್ಬರು ಮಾಡಬೇಕು ಅನ್ನುವ ಆಸೆ

‘ನೀನು ಬರಬೇಕು’ ಅನ್ನುವುದು ನನ್ನ ಆಸೆ, ಕೆಲಸ ನಿನ್ನದು. ಇದಕ್ಕೆ ‘ತೆ’ ರೂಪಕ್ಕೆ, ಅಂದರೆ ನಮ್ಮ ‘ಬಂದು’, ‘ಹೋಗಿ’ ಥರದ ರೂಪಕ್ಕೆ, ಹೊಶೀ ಸೇರಿಸಬೇಕು. ‘ತೊಮೊದಚಿ ನಿ ಕಿತೆ ಹೊಶೀ ದೆಸ್’, ಗೆಳೆಯ ಬರಲಿ ಅಂತ ನನ್ನ ಆಸೆ.

ಇಲ್ಲಿ ಒಂದು ದೊಡ್ಡ ಹಳ್ಳ ಇದೆ. ಮನೆಯಲ್ಲಿ ಮದುವೆ, ಜಪಾನಿ ಸಹೋದ್ಯೋಗಿಗೆ ಕರೆಯುತ್ತಿದ್ದೀರಿ. ನಮ್ಮ ಬಾಯಲ್ಲಿ ಬರುವುದು ‘ನೀವು ಬರಲೇಬೇಕು’. ಇದರಲ್ಲಿ ಎಷ್ಟು ಪ್ರೀತಿ ಇದೆ ಅಂತ ಕನ್ನಡಿಗರಿಗೆ ಗೊತ್ತು. ಇದನ್ನೇ ಕಡ್ಡಾಯದ ರೂಪದಲ್ಲಿ ‘ಕೊನಕೆರೆಬ ನರಿಮಸೆನ್’ ಅಂದರೆ, ಬರದಿದ್ದರೆ ನಿಯಮ ಮುರಿದ ಹಾಗೆ ಕೇಳಿಸುತ್ತದೆ. ಸರಿಯಾದ ಮಾತು ‘ಜ಼ೆಹಿ ಕಿತೆ ಕುದಸೈ’. ಆ ‘ಜ಼ೆಹಿ’ಯಲ್ಲಿ ನಮ್ಮ ‘ಲೇಬೇಕು’ವಿನ ಒತ್ತಾಯ ಪೂರ್ತಿ ಇದೆ.

ಸಾಮರ್ಥ್ಯ: ಬರುತ್ತೆ, ಆಗುತ್ತೆ

ನಿಮಗೆ ಜಪಾನೀಸ್ ಬರುತ್ತಾ? ನಿಹೊಂಗೊ ಗ ದೆಕಿಮಸ್ ಕ? ಭಾಷೆ ‘ಬರುತ್ತೆ’ ಅನ್ನುವುದು ನಮ್ಮ ರೂಢಿ. ‘ದೆಕಿರು’ ಪದದ ಹಳೆಯ ರೂಪಕ್ಕೂ ‘ಹೊರಗೆ ಬರು’ ಅಂತಲೇ ಅರ್ಥ ಇತ್ತು. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು. ಇಲ್ಲೂ ಪ್ರತ್ಯಯ ‘ಗ’, ಯಾಕೆಂದರೆ ನಾವೂ ‘ಜಪಾನೀಸನ್ನು ಬರುತ್ತೆ’ ಅನ್ನುವುದಿಲ್ಲ.

ಕ್ರಿಯೆ ಹೇಳಬೇಕಾದರೆ ಎರಡು ದಾರಿ. ಸುಲಭದ್ದು: ನಿಘಂಟಿನ ರೂಪ, ಅದಕ್ಕೆ ‘ಕೊತೊ ಗ ದೆಕಿಮಸ್’. ‘ಒಯೊಗು ಕೊತೊ ಗ ದೆಕಿಮಸ್’, ಈಜೋಕೆ ಬರುತ್ತೆ. ಏನೂ ಬದಲಾಯಿಸುವುದು ಬೇಡ, ಹೊಸಬರಿಗೆ ಒಳ್ಳೆಯದು. ಆದರೆ ಉದ್ದ, ಸ್ವಲ್ಪ ಔಪಚಾರಿಕ. ಮಾತಿನಲ್ಲಿ ಜಾಸ್ತಿ ಕೇಳುವುದು ಎರಡನೇ ದಾರಿ, ಕಾಗುಣಿತದ್ದು. ಕೊನೆಯ ಉಕಾರವನ್ನು ಎಕಾರ ಮಾಡಿ ‘ರು’ ಹಾಕಿ:

ಯೊಮು, ಯೊಮೆರು: ಓದೋಕೆ ಆಗುತ್ತೆ
ಕಕು, ಕಕೆರು: ಬರೆಯೋಕೆ ಆಗುತ್ತೆ
ಹನಸು, ಹನಸೆರು: ಮಾತಾಡೋಕೆ ಬರುತ್ತೆ
ಇಕು, ಇಕೆರು: ಹೋಗೋಕೆ ಆಗುತ್ತೆ
ಮತ್ಸು, ಮತೆರು: ಕಾಯೋಕೆ ಆಗುತ್ತೆ

ಎರಡನೇ ಗುಂಪಿಗೆ ‘ರು’ ತೆಗೆದು ‘ರರೆರು’: ತಬೆರರೆರು, ಮಿರರೆರು. ಜಪಾನಿಗರು ಮಾತಾಡುವಾಗ ಒಂದು ‘ರ’ ನುಂಗಿ ‘ತಬೆರೆರು’, ‘ಮಿರೆರು’ ಅನ್ನುವುದು ಕೇಳಿಸುತ್ತದೆ. ಪರೀಕ್ಷೆಯಲ್ಲಿ ಪೂರ್ತಿ ಬರೆಯಿರಿ. ಸುರುವಿಗೆ ದೆಕಿರು, ಕುರುವಿಗೆ ಕೊರರೆರು. ಹೀಗೆ ಹುಟ್ಟಿದ ಪದಗಳೆಲ್ಲಾ ಎರಡನೇ ಗುಂಪಿನ ಹಾಗೆ ನಡೆಯುತ್ತವೆ: ಯೊಮೆಮಸ್, ಯೊಮೆನೈ. ‘ಕಂಜಿ ಗ ಯೊಮೆಮಸೆನ್’, ಕಂಜಿ (ಚೀನಾದಿಂದ ಬಂದ ಅಕ್ಷರಗಳು) ಓದೋಕೆ ಬರಲ್ಲ. ಮೊದಲ ವರ್ಷ ಈ ವಾಕ್ಯ ತುಂಬಾ ಉಪಯೋಗಕ್ಕೆ ಬರುತ್ತದೆ.

ಕಾಣಿಸುವುದಕ್ಕೂ ನೋಡೋಕೆ ಆಗುವುದಕ್ಕೂ ಜಪಾನೀಸ್‌ನಲ್ಲಿ ವ್ಯತ್ಯಾಸ ಇದೆ. ‘ಫುಜಿ-ಸನ್ ಗ ಮಿಎಮಸ್’ ಅಂದರೆ ಫುಜಿ ಬೆಟ್ಟ ಕಾಣಿಸುತ್ತಿದೆ. ತೋಕ್ಯೋದಿಂದ ಕ್ಯೋತೊಗೆ ಶಿನ್‌ಕನ್ಸೆನ್ ಅನ್ನುವ ಬುಲೆಟ್ ರೈಲಿನಲ್ಲಿ ಹೋಗುವಾಗ ಬಲಗಡೆ ಕಿಟಕಿಯಲ್ಲಿ ಕೂತರೆ, ಮೋಡ ಇಲ್ಲದಿದ್ದರೆ, 3,776 ಮೀಟರ್ ಎತ್ತರದ ಆ ಬೆಟ್ಟ ತಾನಾಗಿ ಕಣ್ಣಿಗೆ ಬೀಳುತ್ತದೆ. ಅದು ‘ಮಿಎರು’. ಟಿಕೆಟ್ ತಗೊಂಡರೆ ಮ್ಯೂಸಿಯಂನಲ್ಲಿ ಹಳೆಯ ಚಿತ್ರ ನೋಡಬಹುದು ಅನ್ನುವುದು ‘ಮಿರರೆರು’. ಕೇಳಿಸುತ್ತೆ ಅನ್ನುವುದಕ್ಕೆ ‘ಕಿಕೊಎರು’, ಕೇಳೋಕೆ ಅವಕಾಶ ಇದೆ ಅನ್ನುವುದಕ್ಕೆ ‘ಕಿಕೆರು’. ಕಾಣಿಸು, ಕೇಳಿಸು ಅನ್ನುವ ಪದಗಳು ನಮ್ಮಲ್ಲಿ ಇರುವುದರಿಂದ ಇದಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಸಮಯ ಬೇಕಿಲ್ಲ.

‘ಬಹುದು’ ಹಾಗಲ್ಲ, ಅದು ಮೂರು ಕೆಲಸ ಮಾಡುತ್ತದೆ. ‘ಇಲ್ಲಿಂದ ನಡೆದು ಹೋಗಬಹುದು’ ಸಾಮರ್ಥ್ಯ, ಅದಕ್ಕೆ ಇಕೆಮಸ್. ‘ಒಳಗೆ ಬರಬಹುದಾ?’ ಅನುಮತಿ, ಅದಕ್ಕೆ ‘ಹೈತ್ತೆ ಮೊ ಈ ದೆಸ್ ಕ?’ ಇದರ ‘ಮೊ’ ನಮ್ಮ ‘ಊ’, ‘ಈ’ ಅಂದರೆ ಒಳ್ಳೆಯದು: ಬಂದರೂ ಸರಿಯಾ? ‘ಮಳೆ ಬರಬಹುದು’ ಸುಮ್ನೆ ಊಹೆ, ಅದಕ್ಕೆ ‘ಅಮೆ ಗ ಫುರು ಕಮೊ ಶಿರೆಮಸೆನ್’. ಮಳೆಗೆ ದೆಕಿರು ಹಾಕಿದರೆ ಅರ್ಥವೇ ಕೆಡುತ್ತದೆ.

ನಿಮ್ಮ ಸ್ವಂತ ಸಾಮರ್ಥ್ಯದ ಬಗ್ಗೆ ‘ಜೋಜ಼ು’ ಪದ ಬಳಸಬೇಡಿ, ಅದು ಬೇರೆಯವರನ್ನು ಹೊಗಳುವ ಪದ. ‘ಸುಕೊಶಿ ದೆಕಿಮಸ್’, ಸ್ವಲ್ಪ ಬರುತ್ತೆ, ಅನ್ನಿ.

ಕಡ್ಡಾಯ: ಹೋಗದಿದ್ದರೆ ಆಗಲ್ಲ

ಎಲ್ಲರೂ ಹೆದರುವ ಜಾಗ ಇದು. ‘ಇಕನಕೆರೆಬ ನರಿಮಸೆನ್’ ಅನ್ನುವ ಉದ್ದದ ಸಾಲು ನೋಡಿ ಅರ್ಧ ತರಗತಿ ಪೆನ್ ಕೆಳಗಿಡುತ್ತದೆ. ಬಿಡಿಸಿ ನೋಡಿ. ‘ಇಕನೈ’ ಹೋಗಲ್ಲ. ‘ಇಕನಕೆರೆಬ’ ಹೋಗದಿದ್ದರೆ. ‘ನರು’ ಅಂದರೆ ಆಗು, ‘ನರಿಮಸೆನ್’ ಅಂದರೆ ಆಗಲ್ಲ. ಹೋಗದಿದ್ದರೆ ಆಗಲ್ಲ. ಇದು ನಾವು ದಿನಾ ಆಡುವ ಕನ್ನಡ!

ಇದಕ್ಕೇ ಇನ್ನೊಂದು ರೂಪ ‘ಇಕನಕುತೆ ವ ಇಕೆಮಸೆನ್’. ಈ ‘ಇಕೆಮಸೆನ್’ ಹುಟ್ಟಿದ್ದು ‘ಇಕು’, ಹೋಗು ಅನ್ನುವ ಪದದಿಂದ. ಮುಂದೆ ಹೋಗಲ್ಲ, ಅಂದರೆ ನಡೆಯಲ್ಲ. ‘ಹೋಗದಿದ್ದರೆ ನಡೆಯಲ್ಲ’ ಅಂತ ನೆನಪಿಟ್ಟುಕೊಳ್ಳಿ. ಎರಡರ ನಡುವೆ ಸಣ್ಣ ವ್ಯತ್ಯಾಸ ಇದೆ. ಕಾನೂನು, ಸಮಾಜದ ಕಟ್ಟಳೆ, ಬರವಣಿಗೆ ಇದ್ದಲ್ಲಿ ‘ನರನೈ’ (ನರಿಮಸೆನ್‌ನ ಸಾದಾ ರೂಪ) ಜಾಸ್ತಿ, ನಮ್ಮ ನಿಮ್ಮ ದಿನದ ಕೆಲಸಗಳಿಗೆ ‘ಇಕೆನೈ’ (ಇಕೆಮಸೆನ್‌ನ ಸಾದಾ ರೂಪ) ಜಾಸ್ತಿ. ಶುರುವಿನಲ್ಲಿ ಯಾವುದು ಬಳಸಿದರೂ ಅರ್ಥವಾಗುತ್ತದೆ.

ರೂಪ ಮಾಡುವುದಕ್ಕೆ ಅಕಾರ: ನೊಮು, ನೊಮನಕೆರೆಬ. ಎರಡನೇ ಗುಂಪಿಗೆ ತಬೆನಕೆರೆಬ. ಸುರು, ಶಿನಕೆರೆಬ. ಕುರು, ಕೊನಕೆರೆಬ. ‘ಕಉ’ (ಕೊಳ್ಳು) ಥರ ಬರೀ ಉಕಾರದಲ್ಲಿ ಮುಗಿಯುವ ಪದಗಳಿಗೆ ಅಕಾರ ಅಲ್ಲ, ‘ವ’ ಬರುತ್ತದೆ: ಕವನಕೆರೆಬ.

ಜಪಾನಿಗೆ ಹೋದವರಿಗೆ ಮೊದಲ ವಾರದಲ್ಲೇ ಬೇಕಾಗುವ ವಾಕ್ಯಗಳು ಇವು.

ಕುತ್ಸು ಒ ನುಗನಕೆರೆಬ ನರಿಮಸೆನ್. ಚಪ್ಪಲಿ, ಶೂ ಬಿಚ್ಚಬೇಕು. ಬಾಗಿಲ ಒಳಗೆ ‘ಗೆಂಕನ್’ ಅನ್ನುವ ತಗ್ಗಿನ ಜಾಗ ಇರುತ್ತದೆ, ಅಲ್ಲೇ ಬಿಡಬೇಕು. ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ನಮಗೆ ಇದನ್ನು ಹೇಳಿಕೊಡುವುದೇ ಬೇಡ.

ಗೊಮಿ ಒ ವಕೆನಕೆರೆಬ ನರಿಮಸೆನ್. ಕಸ ಬೇರೆ ಬೇರೆ ಮಾಡಬೇಕು. ಯಾವ ಕಸ ಯಾವ ದಿನ ಅಂತ ಊರೂರಿಗೆ ಪಟ್ಟಿ ಇರುತ್ತದೆ, ಅದನ್ನು ಅಡುಗೆಮನೆ ಗೋಡೆಗೆ ಅಂಟಿಸಿಕೊಳ್ಳಿ.

ಜ಼ೈರ್ಯೂ ಕಾದೊ ಒ ಮೊತ್ತೆ ಇನಕೆರೆಬ ನರಿಮಸೆನ್. ವಾಸದ ಕಾರ್ಡ್ ಜೊತೆಗೆ ಇರಲೇಬೇಕು. ಅಲ್ಲಿ ವಾಸಕ್ಕೆ ಹೋದ, ಈ ಕಾರ್ಡ್ ಪಡೆದ 16 ವರ್ಷ ದಾಟಿದ ವಿದೇಶಿಯರಿಗೆ ಇದು ಕಾನೂನು. ಮನೆ ಸಿಕ್ಕ 14 ದಿನದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದೂ ಹಾಗೇ ಕಡ್ಡಾಯ.

ಕುಸುರಿ ಒ ನೊಮನಕೆರೆಬ ನರಿಮಸೆನ್. ಔಷಧಿ ತಗೋಬೇಕು. ಜಪಾನೀಸ್‌ನಲ್ಲಿ ಮಾತ್ರೆಯನ್ನೂ ‘ಕುಡಿಯುತ್ತಾರೆ’.

ಮಾತಿನಲ್ಲಿ ಈ ಉದ್ದ ಸಾಲು ಕುಗ್ಗುತ್ತದೆ. ‘ಇಕನಕೆರೆಬ’ ಹೋಗಿ ‘ಇಕನಕ್ಯ’, ‘ಇಕನಕುತೆ ವ’ ಹೋಗಿ ‘ಇಕನಕುಚ’. ‘ಮೋ ಇಕನಕ್ಯ!’ ಅಂದರೆ ‘ಅಯ್ಯೋ, ಹೊರಡಬೇಕು!’ ಅಕ್ಷರಶಃ ‘ಹೋಗದಿದ್ರೆ…’ ಅಂತ ಅರ್ಧಕ್ಕೆ ಬಿಟ್ಟಿದ್ದಾರೆ. ಗೆಳೆಯರ ಜೊತೆ ಸರಿ, ಮೇಲಧಿಕಾರಿ ಎದುರು ಬೇಡ.

ಸಲಹೆಗೂ ನಾವು ‘ಬೇಕು’ ಅನ್ನುತ್ತೇವೆ: ‘ನೀನು ಡಾಕ್ಟರ್ ಹತ್ರ ಹೋಗಬೇಕು.’ ಅದಕ್ಕೆ ಕಡ್ಡಾಯದ ರೂಪ ಭಾರವಾಗುತ್ತದೆ. ‘ಬ್ಯೋಇನ್ ನಿ ಇತ್ತ ಹೋ ಗ ಈ ದೆಸ್ ಯೊ’, ಹೋದರೆ ಒಳ್ಳೆಯದು, ಅನ್ನಿ.

ವಸ್ತುವಿನ ಅಗತ್ಯ, ಮತ್ತೆ ‘ಬೇಡ’

ಹೊಶೀ, ತೈ, ತೆ ಹೊಶೀ, ನಕೆರೆಬ ಆಯಿತು, ಐದನೇ ‘ಬೇಕು’ ಬಾಕಿ ಇದೆ. ‘ಜಪಾನಿಗೆ ಹೋಗೋಕೆ ವೀಸಾ ಬೇಕು.’ ಇದು ಆಸೆ ಅಲ್ಲ, ಅಗತ್ಯ. ಹಾಗಾಗಿ ಹೊಶೀ ಅಲ್ಲ, ‘ಇರು’: ಬಿಜ಼ ಗ ಇರಿಮಸ್. ಇದರ ಉಲ್ಟಾ ‘ಇರಿಮಸೆನ್’. ಜಪಾನಿನ ಅಂಗಡಿಗಳಲ್ಲಿ 2020ರ ಜುಲೈನಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ಕೊಡಬೇಕು, ಹಾಗಾಗಿ ಚೀಲ ಬೇಕಾ ಅಂತ ಕೇಳುತ್ತಾರೆ. ಬೇಡ ಅನ್ನೋಕೆ ‘ಇರಿಮಸೆನ್’ ಸರಿ, ‘ದೈಜೋಬು ದೆಸ್’ ಅಂದರೆ ಇನ್ನೂ ಮೆತ್ತಗೆ, ನಮ್ಮ ‘ಪರವಾಗಿಲ್ಲ’ ಥರ.

ನಕಾರದಲ್ಲಿ ಎಚ್ಚರ ಬೇಕು. ಹೋಗಬೇಕಾಗಿಲ್ಲ, ಹೋಗಬಾರದು ಎರಡೂ ಬೇರೆ. ‘ಇಕನಕುತೆ ಮೊ ಈ ದೆಸ್’, ಹೋಗದಿದ್ದರೂ ಪರವಾಗಿಲ್ಲ. ‘ಇತ್ತೆ ವ ಇಕೆಮಸೆನ್’, ಹೋದರೆ ನಡೆಯಲ್ಲ. ‘ಹೋಗಬೇಡಿ’ ಅಂತ ಕೇಳಿಕೊಳ್ಳುವುದಾದರೆ ‘ಇಕನೈದೆ ಕುದಸೈ’.

ಅಭ್ಯಾಸ ಮಾಡುವುದು ಹೇಗೆ

ಜೆಎಲ್‌ಪಿಟಿ, ಅಂದರೆ ಜಪಾನೀಸ್ ಭಾಷಾ ಸಾಮರ್ಥ್ಯದ ಪರೀಕ್ಷೆಗೆ ಓದುತ್ತಿದ್ದರೆ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಬೆಂಗಳೂರಿನಲ್ಲೂ ನಡೆಯುವ ಆ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ. ಓದಿ ಪಾಸಾಗಬಹುದು, ಆದರೆ ‘ನಕೆರೆಬ ನರಿಮಸೆನ್’ ನಾಲಿಗೆಗೆ ಬರುವುದು ಬಾಯಿ ಬಿಟ್ಟು ಹೇಳಿದಾಗ ಮಾತ್ರ. ದಿನಾ ರಾತ್ರಿ ನಾಳೆಯ ಕೆಲಸಗಳನ್ನು ಕನ್ನಡದಲ್ಲಿ ಆರೇಳು ಸಾಲು ಬರೆಯಿರಿ. ಪ್ರತಿ ‘ಬೇಕು’ ಕೆಳಗೆ ಗೆರೆ ಎಳೆಯಿರಿ. ಅದರ ಜಾಗದಲ್ಲಿ ‘ಅನ್ನಿಸ್ತಿದೆ’ ಸೇರಿಸಿದರೆ ಅರ್ಥ ಹಾಗೇ ಉಳಿಯುತ್ತಾ? ಹಾಗಾದರೆ ತೈ. ‘ಮಾಡದಿದ್ದರೆ ಆಗಲ್ಲ’ ಅಂತ ತಿರುಗಿಸಿದರೆ ಸರಿ ಕೂರುತ್ತಾ? ಹಾಗಾದರೆ ನಕೆರೆಬ. ಆಮೇಲೆ ಜಪಾನೀಸ್‌ನಲ್ಲಿ ಜೋರಾಗಿ ಹೇಳಿ.

ಇವತ್ತಿಗೆ ಈ ನಾಲ್ಕು ಮಾಡಿ, ಉತ್ತರ ಮುಚ್ಚಿಟ್ಟುಕೊಂಡು.

ಬೆಳಿಗ್ಗೆ ಬೇಗ ಏಳಬೇಕು. ಹಯಕು ಒಕಿನಕೆರೆಬ ನರಿಮಸೆನ್.

ಫೋಟೋ ತೆಗೀಬಹುದಾ? ಶಶಿನ್ ಒ ತೊತ್ತೆ ಮೊ ಈ ದೆಸ್ ಕ?

ನಾಳೆ ಬರೋಕೆ ಆಗಲ್ಲ. ಅಶಿತ ಕೊರರೆಮಸೆನ್.

ಜಪಾನೀಸ್ ಮಾತಾಡೋಕೆ ಬರುವ ಹಾಗೆ ಆಗಬೇಕು. ನಿಹೊಂಗೊ ಗ ಹನಸೆರು ಯೋ ನಿ ನರಿತೈ ದೆಸ್. ‘ಹನಸೆರು’ ಮಾತಾಡೋಕೆ ಬರುವ, ‘ಯೋ ನಿ’ ಹಾಗೆ, ‘ನರಿತೈ’ ಆಗಬೇಕು. ಕನ್ನಡದಲ್ಲಿ ಯಾವ ಪದ ಎಲ್ಲಿದೆಯೋ ಜಪಾನೀಸ್‌ನಲ್ಲೂ ಅಲ್ಲೇ ಇದೆ.